ಎಫ್.ಪಿ.ಜಿ.ಎ. ಮಂಡಲಗಳ ಕಾಲಪರೀಕ್ಷೆಯೂ ಅದನ್ನು ನಡೆಸುವ ಆಜ್ಞಾಪತ್ರವೂ

ಒಂದು ಲೆಕ್ಕದ ಉತ್ತರವು ಸರಿಯಾಗಿರುವುದು ಬೇರೆ; ಅದು ಸರಿಯಾದ ಹೊತ್ತಿಗೆ ಸಿದ್ಧವಾಗಿರುವುದು ಬೇರೆ. ಪರೀಕ್ಷೆಯ ಕೊಠಡಿಯಲ್ಲಿ ಕುಳಿತು ಬರೆದ ವಿದ್ಯಾರ್ಥಿನಿಯರಿಗೆ ಈ ಭೇದವನ್ನು ವಿವರಿಸಿ ಹೇಳಬೇಕಾದ ಅಗತ್ಯವಿಲ್ಲ. ಕಡೆಯ ಗಂಟೆ ಬಾರಿಸಿದ ಮೇಲೆ ಹೊಳೆದ ಉತ್ತರಕ್ಕೆ ಅಂಕಗಳು ದೊರೆಯುವುದಿಲ್ಲವಷ್ಟೆ. ಇಂದಿನ ಗಣಕಯಂತ್ರಗಳೊಳಗೂ, ದೂರವಾಣಿಯ ಕೇಂದ್ರಗಳೊಳಗೂ, ಆಸ್ಪತ್ರೆಗಳಲ್ಲಿ ರೋಗಿಗಳನ್ನು ಪರೀಕ್ಷಿಸುವ ಉಪಕರಣಗಳೊಳಗೂ ಕೆಲಸಮಾಡುವ ವಿದ್ಯುನ್ಮಂಡಲಗಳಿಗೆ ಇದೇ ನಿಯಮವು ಸೆಕೆಂಡಿಗೆ ಕೋಟ್ಯಂತರ ಸಲ ಅನ್ವಯಿಸುತ್ತದೆ. ಅಂತಹ ಮಂಡಲಗಳಲ್ಲಿ ಎಫ್.ಪಿ.ಜಿ.ಎ. ಎಂಬ ಒಂದು ಜಾತಿಯನ್ನು ತೆಗೆದುಕೊಂಡು, ಅದರ ಕೆಲಸವು ಹೊತ್ತಿಗೆ ಸರಿಯಾಗಿ ನಡೆಯುವುದೋ ಇಲ್ಲವೋ ಎಂಬುದನ್ನು ಮುಂಚಿತವಾಗಿ ಪರೀಕ್ಷಿಸುವ ಕ್ರಮವನ್ನೂ, ಆ ಪರೀಕ್ಷೆಯನ್ನು ಲಿಖಿತವಾದ ಆಜ್ಞೆಗಳಿಂದ ನಡೆಸುವುದು ಏಕೆ ಮೇಲೆಂಬುದನ್ನೂ, ಹಾಗೆ ನಡೆಸಿದ ಪರೀಕ್ಷೆಯು ನಮ್ಮನ್ನು ಮೋಸಗೊಳಿಸದಂತೆ ಹೇಗೆ ಎಚ್ಚರದಿಂದಿರಬೇಕೆಂಬುದನ್ನೂ ಇಲ್ಲಿ ನಿರೂಪಿಸಲು ಯತ್ನಿಸುತ್ತೇವೆ.

ಎಫ್.ಪಿ.ಜಿ.ಎ. ಎಂಬುದು ಫೀಲ್ಡ್ ಪ್ರೋಗ್ರಾಮಬಲ್ ಗೇಟ್ ಅರೇ ಎಂಬ ಆಂಗ್ಲ ಹೆಸರಿನ ಮೊದಲಕ್ಷರಗಳಿಂದಾದ ಸಂಕ್ಷೇಪ. ಸಾಧಾರಣವಾದ ಚಿಪ್ಪಿನ ಕೆಲಸವು ಅದನ್ನು ಕಾರ್ಖಾನೆಯಲ್ಲಿ ಮಾಡುವಾಗಲೇ ನಿಶ್ಚಿತವಾಗಿರುತ್ತದೆ. ಆ ಮೇಲೆ ಅದನ್ನು ಬದಲಾಯಿಸುವಂತಿಲ್ಲ. ಎಫ್.ಪಿ.ಜಿ.ಎ. ಯಲ್ಲಾದರೋ ಅನೇಕ ಪುಟ್ಟ ತರ್ಕಕೋಶಗಳೂ, ಅವುಗಳ ನಡುವೆ ಬಲೆಯಂತೆ ಹರಡಿದ ತಂತಿಗಳೂ, ಆ ತಂತಿಗಳನ್ನು ಬೇಕಾದಂತೆ ಒಂದಕ್ಕೊಂದು ಕೂಡಿಸುವ ಸ್ವಿಚ್ಚುಗಳೂ ಇರುತ್ತವೆ. ಹಳೆಯ ಮುದ್ರಣಾಲಯಗಳಲ್ಲಿ ಅಚ್ಚಿನ ಮೊಳೆಗಳನ್ನು ಎರಕಹೊಯ್ದು ಪೆಟ್ಟಿಗೆಗಳಲ್ಲಿ ತುಂಬಿಡುತ್ತಿದ್ದರು. ಅವುಗಳಿಂದ ಪದ್ಯವನ್ನು ಜೋಡಿಸುವುದೋ ಪಂಚಾಂಗವನ್ನು ಜೋಡಿಸುವುದೋ ಮೊಳೆ ಜೋಡಿಸುವವನಿಗೆ ಬಿಟ್ಟ ಮಾತಾಗಿತ್ತು. ಇಲ್ಲಿಯೂ ಹಾಗೆಯೇ. ೧೯೮೪ರಲ್ಲಿ ರಾಸ್ ಫ್ರೀಮನ್, ಬರ್ನಾರ್ಡ್ ವಾಂಡರ್‌ಶ್ಮಿಟ್, ಜೇಮ್ಸ್ ಬಾರ್ನೆಟ್ ಎಂಬ ಮೂವರು ಅಮೆರಿಕದಲ್ಲಿ ಝೈಲಿಂಕ್ಸ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಮಾರನೆಯ ವರ್ಷ, ಎಂದರೆ ೧೯೮೫ರಲ್ಲಿ, ಆ ಸಂಸ್ಥೆಯಿಂದ ಹೊರಬಂದ ಎಕ್ಸ್.ಸಿ. ೨೦೬೪ ಎಂಬ ಚಿಪ್ಪಿನಲ್ಲಿ ೬೪ ತರ್ಕಖಂಡಗಳು ಮಾತ್ರ ಇದ್ದುವು. ಈಗಿನ ದೊಡ್ಡ ಚಿಪ್ಪುಗಳಲ್ಲಿ ಇವುಗಳ ಸಂಖ್ಯೆ ಲಕ್ಷಗಳನ್ನು ಮೀರಿದೆ. ಝೈಲಿಂಕ್ಸ್ ಸಂಸ್ಥೆಯು ೨೦೨೨ರಲ್ಲಿ ಎ.ಎಂ.ಡಿ. ಸಂಸ್ಥೆಯೊಡನೆ ಸೇರಿಹೋಯಿತು.

ಇಂತಹ ಚಿಪ್ಪಿಗೆ ಕೆಲಸವನ್ನು ಗೊತ್ತುಮಾಡುವವಳು ತನ್ನ ಉದ್ದೇಶವನ್ನು ಮೊದಲು ವೆರಿಲಾಗ್ ಇಲ್ಲವೆ ವಿ.ಎಚ್.ಡಿ.ಎಲ್. ಎಂಬ ಭಾಷೆಯಲ್ಲಿ ಬರೆಯುತ್ತಾಳೆ. ಸಿಂಥೆಸಿಸ್ ಎಂಬ ಕ್ರಿಯೆಯಿಂದ ಆ ಬರಹವು ತರ್ಕಕೋಶಗಳ ಪಟ್ಟಿಯಾಗಿ ಮಾರ್ಪಡುತ್ತದೆ. ಈ ಪಟ್ಟಿಗೆ ನೆಟ್‌ಲಿಸ್ಟ್ ಎಂದು ಹೆಸರು. ಅನಂತರ ಪ್ಲೇಸ್ ಅಂಡ್ ರೂಟ್ ಎಂಬ ಕ್ರಿಯೆಯು ಪ್ರತಿಯೊಂದು ಕೋಶಕ್ಕೂ ಚಿಪ್ಪಿನ ಮೇಲೆ ಒಂದು ಮನೆಯನ್ನು ಗೊತ್ತುಮಾಡಿ, ಮನೆಯಿಂದ ಮನೆಗೆ ದಾರಿಯನ್ನು ಹಾಕುತ್ತದೆ. ಯಾವ ತಂತಿ ಎಷ್ಟು ಉದ್ದ, ಯಾವ ಸಂಕೇತವು ಎಷ್ಟು ಸ್ವಿಚ್ಚುಗಳನ್ನು ದಾಟಬೇಕು ಎಂಬ ಸಂಗತಿಗಳು ಈ ಕಡೆಯ ಹೆಜ್ಜೆಯಾದ ಮೇಲೆಯೇ ತಿಳಿಯುವುವು. ಅದಕ್ಕೆ ಮುಂಚೆ ಹೇಳುವುದೆಲ್ಲ ಅಂದಾಜು.

ಇನ್ನು ಕಾಲದ ಮಾತು. ಶಾಲೆಯ ಅಂಗಳದಲ್ಲಿ ಬಾಲಿಕೆಯರು ಸಾಲಾಗಿ ನಿಂತಿರುವರೆಂದು ಭಾವಿಸಿರಿ. ಪ್ರತಿಯೊಬ್ಬಳ ಕೈಯಲ್ಲೂ ಒಂದು ಸ್ಲೇಟಿದೆ. ಗಂಟೆ ಬಾರಿಸಿದ ಕೂಡಲೆ ಪ್ರತಿಯೊಬ್ಬಳೂ ತನ್ನ ಎಡಗಡೆಯಿಂದ ಬಂದ ಅಂಕಿಯನ್ನು ನೋಡಿ ತನ್ನ ಸ್ಲೇಟಿನ ಮೇಲೆ ಬರೆದುಕೊಳ್ಳಬೇಕು. ಇಬ್ಬರ ನಡುವೆ ಕುಳಿತ ಸಹಾಯಕಿಯರು ಒಂದು ಗಂಟೆಗೂ ಮುಂದಿನ ಗಂಟೆಗೂ ನಡುವಣ ಅವಕಾಶದಲ್ಲಿ ಆ ಅಂಕಿಯನ್ನು ಕೂಡಿಸಿ, ಗುಣಿಸಿ, ಮುಂದಿನವಳ ಎದುರಿಗೆ ಹಿಡಿಯಬೇಕು. ಎಫ್.ಪಿ.ಜಿ.ಎ. ಯೊಳಗೆ ಈ ಬಾಲಿಕೆಯರ ಸ್ಥಾನದಲ್ಲಿ ಫ್ಲಿಪ್-ಫ್ಲಾಪ್ ಎಂಬ ಸ್ಮರಣಕೋಶಗಳೂ, ಸಹಾಯಕಿಯರ ಸ್ಥಾನದಲ್ಲಿ ತರ್ಕಕೋಶಗಳೂ, ಗಂಟೆಯ ಸ್ಥಾನದಲ್ಲಿ ಕ್ಲಾಕ್ ಎಂಬ ಮಿಡಿಯುವ ಸಂಕೇತವೂ ಇರುತ್ತವೆ.

ಈ ಏರ್ಪಾಟಿನಲ್ಲಿ ಎರಡು ಬಗೆಯ ಕೇಡುಗಳು ಸಂಭವಿಸಬಹುದು. ಅಂಕಿಯು ಗಂಟೆಗೆ ಸ್ವಲ್ಪ ಮುಂಚೆಯೇ ಬಂದು ಅಲುಗಾಡದೆ ನಿಂತಿರಬೇಕು. ತಡವಾಗಿ ಬಂದರೆ ಹುಡುಗಿಯು ಹಳೆಯದನ್ನೋ ಅರೆಬರೆಯಾದುದನ್ನೋ ಬರೆದುಕೊಳ್ಳುವಳು. ಈ ಮುಂಗಡ ಕಾಲಕ್ಕೆ ಸೆಟಪ್ ಎಂದು ಹೆಸರು. ಗಂಟೆ ಬಾರಿಸಿದ ಮೇಲೆಯೂ ಅವಳು ನೋಡಿ ಮುಗಿಸುವಷ್ಟು ಹೊತ್ತು ಆ ಅಂಕಿಯು ಅಲ್ಲಿಯೇ ನಿಲ್ಲಬೇಕು. ಎಡಗಡೆಯವಳು ಅತ್ಯಾತುರದಿಂದ ಹೊಸ ಅಂಕಿಯನ್ನು ನೂಕಿದರೆ ಆಗಲೂ ತಪ್ಪಾಗುವುದು. ಇದಕ್ಕೆ ಹೋಲ್ಡ್ ಎನ್ನುವರು. ಮೊದಲನೆಯದು ನಿಧಾನದಿಂದ ಬರುವ ದೋಷ, ಎರಡನೆಯದು ಅವಸರದಿಂದ ಬರುವ ದೋಷ. ಗಂಟೆಯನ್ನು ನಿಧಾನವಾಗಿ ಬಾರಿಸಿದರೆ ಮೊದಲನೆಯದು ವಾಸಿಯಾಗುತ್ತದೆ, ಎರಡನೆಯದು ವಾಸಿಯಾಗುವುದಿಲ್ಲ. ಹೋಲ್ಡ್ ದೋಷವು ಹೆಚ್ಚು ಭಯಂಕರವೆಂದು ಈ ಕಸಬಿನವರು ಹೇಳುವುದಕ್ಕೆ ಕಾರಣವಿದೇ.

ಕಾಲದ ಪ್ರಮಾಣವನ್ನೂ ಇಲ್ಲಿಯೇ ಹೇಳಬೇಕು. ಕ್ಲಾಕ್ ಸೆಕೆಂಡಿಗೆ ೧೦ ಕೋಟಿ ಸಲ ಮಿಡಿಯುವುದು ಈಗ ಅತಿ ಸಾಧಾರಣವಾದ ವೇಗ. ಆಗ ಎರಡು ಮಿಡಿತಗಳ ನಡುವೆ ೧೦ ನ್ಯಾನೊಸೆಕೆಂಡು, ಎಂದರೆ ಸೆಕೆಂಡಿನ ಹತ್ತು ಕೋಟಿಯಲ್ಲೊಂದು ಭಾಗ, ಮಾತ್ರ ಉಳಿಯುತ್ತದೆ. ಒಂದು ನ್ಯಾನೊಸೆಕೆಂಡಿನಲ್ಲಿ ಬೆಳಕು ಸುಮಾರು ೩೦ ಸೆಂಟಿಮೀಟರು ಚಲಿಸುತ್ತದೆ. ಅಮೆರಿಕದ ನೌಕಾದಳದಲ್ಲಿ ಅಧಿಕಾರಿಣಿಯಾಗಿದ್ದ ಗಣಕಶಾಸ್ತ್ರಜ್ಞೆ ಗ್ರೇಸ್ ಹಾಪರ್ ಅವರು (೧೯೦೬–೧೯೯೨) ತಮ್ಮ ಉಪನ್ಯಾಸಗಳಲ್ಲಿ ೧೧.೮ ಅಂಗುಲ ಉದ್ದದ ತಂತಿಯ ತುಂಡುಗಳನ್ನು ಸಭಿಕರಿಗೆ ಹಂಚಿ, ನ್ಯಾನೊಸೆಕೆಂಡು ಎಂದರೆ ಇಷ್ಟೇ ಎಂದು ಕಣ್ಣಿಗೆ ಕಾಣುವಂತೆ ತೋರಿಸುತ್ತಿದ್ದರು. ಅಧ್ಯಾಪಿಕೆಯರಾಗಲಿಚ್ಛಿಸುವವರು ನೆನಪಿನಲ್ಲಿಡತಕ್ಕ ಬೋಧನಾಕ್ರಮವಿದು. ಚಿಪ್ಪಿನೊಳಗೆ ಸಂಕೇತವು ಬೆಳಕಿನ ವೇಗದಲ್ಲಿ ಹೋಗುವುದಿಲ್ಲ. ದಾರಿಯಲ್ಲಿ ಪ್ರತಿಯೊಂದು ಸ್ವಿಚ್ಚೂ ಪ್ರತಿಯೊಂದು ಕೋಶವೂ ಸ್ವಲ್ಪ ಸುಂಕವನ್ನು ಕಿತ್ತುಕೊಳ್ಳುತ್ತದೆ. ವಿದ್ಯುತ್ತಿನ ಒತ್ತಡವು ಇಳಿದರೆ ವಿಳಂಬವು ಹೆಚ್ಚುವುದು. ಉಷ್ಣತೆಯಿಂದಲೂ ಅದು ವ್ಯತ್ಯಾಸವಾಗುವುದು. ಒಂದೇ ಕಾರ್ಖಾನೆಯಲ್ಲಿ ಒಂದೇ ದಿನ ಹುಟ್ಟಿದ ಎರಡು ಚಿಪ್ಪುಗಳೂ ಸಮವೇಗದವಲ್ಲ. ಆದಕಾರಣ ತಯಾರಕರು ಅತಿ ನಿಧಾನದ ಸ್ಥಿತಿ, ಅತಿ ಶೀಘ್ರದ ಸ್ಥಿತಿ ಎಂದು ಎರಡು ಎಲ್ಲೆಗಳನ್ನು ಹಾಕಿ, ಸ್ಲೋ ಕಾರ್ನರ್ ಎಂದೂ ಫಾಸ್ಟ್ ಕಾರ್ನರ್ ಎಂದೂ ಅವುಗಳನ್ನು ಕರೆದಿರುವರು.

ಮಂಡಲವನ್ನು ಚಿಪ್ಪಿಗೆ ತುಂಬುವ ಮುಂಚೆ ಗಣಕಯಂತ್ರದಲ್ಲಿ ಅದರ ಅನುಕರಣವನ್ನು ನಡೆಸಿ ನೋಡುವುದಕ್ಕೆ ಸಿಮ್ಯುಲೇಷನ್ ಎಂದು ಹೆಸರು. ಮಂಡಲಕ್ಕೆ ಒಳಸಂಕೇತಗಳನ್ನು ಕೊಟ್ಟು ಉತ್ತರಗಳನ್ನು ತಾಳೆನೋಡುವ ಬರಹವನ್ನು ಟೆಸ್ಟ್ ಬೆಂಚ್ ಎನ್ನುವರು. ಇದನ್ನು ಪ್ರಶ್ನೆಪತ್ರಿಕೆಯೂ ಪರೀಕ್ಷಕಳೂ ಕೂಡಿದಂತೆ ಎಂದು ತಿಳಿಯಬಹುದು. ಮೂಲ ಬರಹವನ್ನೇ ನೇರವಾಗಿ ಪರೀಕ್ಷಿಸಿದರೆ ತರ್ಕವು ಸರಿಯೇ ಎಂಬುದು ಗೊತ್ತಾಗುತ್ತದೆ. ಅಲ್ಲಿ ಎಲ್ಲ ಉತ್ತರಗಳೂ ವಿಳಂಬವಿಲ್ಲದೆ ಥಟ್ಟನೆ ಬರುವುವು. ಪ್ಲೇಸ್ ಅಂಡ್ ರೂಟ್ ಆದ ಮೇಲಣ ನೆಟ್‌ಲಿಸ್ಟಿಗೆ ನಿಜವಾದ ವಿಳಂಬಗಳನ್ನು ಅಂಟಿಸಿ ಪರೀಕ್ಷಿಸುವುದೇ ಟೈಮಿಂಗ್ ಸಿಮ್ಯುಲೇಷನ್, ಅರ್ಥಾತ್ ಕಾಲಪರೀಕ್ಷೆ.

ಇಲ್ಲಿ ಒಂದು ಆಕ್ಷೇಪಣೆಯುಂಟು. ಸ್ಟ್ಯಾಟಿಕ್ ಟೈಮಿಂಗ್ ಅನಾಲಿಸಿಸ್ ಎಂಬ ಇನ್ನೊಂದು ಕ್ರಮವಿದೆ. ಅದು ಯಾವ ಸಂಕೇತವನ್ನೂ ಕೊಡದೆ, ಒಂದು ಫ್ಲಿಪ್-ಫ್ಲಾಪಿನಿಂದ ಮತ್ತೊಂದಕ್ಕಿರುವ ಸಕಲ ದಾರಿಗಳ ವಿಳಂಬವನ್ನೂ ಕೂಡಿ, ಅವಧಿಯೊಳಗೆ ಬರುವುದೋ ಇಲ್ಲವೋ ಎಂದು ಹೇಳಿಬಿಡುತ್ತದೆ. ಅದು ಶೀಘ್ರವಾದುದು, ಯಾವ ದಾರಿಯನ್ನೂ ಮರೆಯದು. ಹಾಗಿರಲು ಗಂಟೆಗಟ್ಟಲೆ ನಡೆಯುವ ಕಾಲಪರೀಕ್ಷೆಯು ಏತಕ್ಕೆ ಎಂದು ಅನೇಕರು ಕೇಳುವರು. ಪ್ರಶ್ನೆಯು ನ್ಯಾಯವಾದುದೇ, ಒಂದನ್ನೇ ಆರಿಸಿಕೊಳ್ಳಬೇಕಾದರೆ ಆ ವಿಶ್ಲೇಷಣೆಯನ್ನೇ ಆರಿಸಿಕೊಳ್ಳಬೇಕೆಂದು ನಾವೂ ಹೇಳುವೆವು. ಆದರೆ ಅದು ನಮ್ಮ ಮಾತನ್ನು ನಂಬಿ ನಡೆಯುವ ಸೇವಕ. "ಈ ದಾರಿಯನ್ನು ಎಣಿಸಬೇಡ" ಎಂದೋ "ಈ ದಾರಿಗೆ ಎರಡು ಮಿಡಿತಗಳ ಅವಕಾಶವಿದೆ" ಎಂದೋ ನಾವು ತಪ್ಪಾಗಿ ಬರೆದುಕೊಟ್ಟರೆ, ಅದು ಮರುಮಾತಿಲ್ಲದೆ ಒಪ್ಪಿಕೊಳ್ಳುವುದು. ಮಂಡಲವು ಎಚ್ಚರಗೊಳ್ಳುವಾಗ ಯಾವ ಸ್ಥಿತಿಯಿಂದ ಆರಂಭಿಸುತ್ತದೆ ಎಂಬುದನ್ನೂ ಅದು ವಿಚಾರಿಸುವುದಿಲ್ಲ. ಕಾಲಪರೀಕ್ಷೆಯಾದರೋ ನಮ್ಮ ಹೇಳಿಕೆಯನ್ನು ಬದಿಗಿಟ್ಟು, ಮಂಡಲವನ್ನೇ ನಡೆಸಿ ತೋರಿಸುತ್ತದೆ. ಅದರ ಕೊರತೆಯೇನೆಂದರೆ, ಟೆಸ್ಟ್ ಬೆಂಚು ಕೇಳಿದ ಪ್ರಶ್ನೆಗಳಿಗೆ ಮಾತ್ರ ಅದು ಉತ್ತರ ಕೊಡುತ್ತದೆ.

ಮಂಡಲವು ಎಚ್ಚರಗೊಳ್ಳುವ ಕ್ಷಣವು ಎಷ್ಟು ಮಹತ್ತ್ವದ್ದೆಂಬುದಕ್ಕೆ ಒಂದು ನಿಜವಾದ ವೃತ್ತಾಂತವಿದೆ. ೧೯೯೯ನೆಯ ಮಾರ್ಚ್ ತಿಂಗಳಲ್ಲಿ ಅಮೆರಿಕದ ನಾಸಾ ಸಂಸ್ಥೆಯವರು ವೈರ್ ಎಂಬ ಉಪಗ್ರಹವನ್ನು ಹಾರಿಸಿದರು. ಅತಿಕೆಂಪು ಕಿರಣಗಳಿಂದ ದೂರದ ನಕ್ಷತ್ರಮಂಡಲಗಳನ್ನು ನೋಡುವುದು ಅದರ ಉದ್ದೇಶ. ಅಂತಹ ದೂರದರ್ಶಕವು ಅತಿ ತಣ್ಣಗಿರಬೇಕಾದುದರಿಂದ, ಹೆಪ್ಪುಗಟ್ಟಿಸಿದ ಜಲಜನಕವನ್ನು ಅದರೊಡನೆ ಕಳುಹಿಸಿದ್ದರು. ಕೆಲಸವು ೪ ತಿಂಗಳು ನಡೆಯಬೇಕೆಂದು ಯೋಜನೆ. ದೂರದರ್ಶಕದ ಮುಚ್ಚಳವನ್ನು ಸರಿಯಾದ ಹೊತ್ತಿನಲ್ಲಿ ಕಳಚಲು ಸಿಡಿಮದ್ದಿನ ಕೀಲುಗಳಿದ್ದುವು. ಆ ಕೀಲುಗಳಿಗೆ ಆಜ್ಞೆ ಕೊಡುವ ಪೆಟ್ಟಿಗೆಯಲ್ಲಿ ಒಂದು ಎಫ್.ಪಿ.ಜಿ.ಎ. ಇತ್ತು. ಪೆಟ್ಟಿಗೆಗೆ ವಿದ್ಯುತ್ತನ್ನು ಕೊಟ್ಟಾಗ ಕ್ಲಾಕಿನ ಸ್ಫಟಿಕವು ಕೂಡಲೆ ಮಿಡಿಯಲಾರಂಭಿಸಲಿಲ್ಲ. ಕ್ಲಾಕ್ ಇಲ್ಲದೆ ಮಂಡಲವು ತನ್ನ ಆರಂಭಸ್ಥಿತಿಗೆ ಬರಲಾರದು. ಆ ಅತ್ಯಲ್ಪ ಕಾಲದಲ್ಲಿ ಅದರ ಹೊರಸಂಕೇತಗಳು ನಿಯಂತ್ರಣವಿಲ್ಲದ ಸ್ಥಿತಿಯಲ್ಲಿದ್ದು, ಮುಚ್ಚಳವು ಅಕಾಲದಲ್ಲಿ ಕಳಚಿಹೋಯಿತು. ತಾಪವು ಒಳನುಗ್ಗಿ ಜಲಜನಕವು ಆವಿಯಾಗಿ ಹೊರಚಿಮ್ಮಿತು. ಅದರ ರಭಸಕ್ಕೆ ಉಪಗ್ರಹವೇ ಬುಗುರಿಯಂತೆ ತಿರುಗಲಾರಂಭಿಸಿತು. ಕೆಲವೇ ದಿನಗಳಲ್ಲಿ ತಂಪೆಲ್ಲ ಮುಗಿದು ಮುಖ್ಯ ಉದ್ದೇಶವು ನಷ್ಟವಾಯಿತು. ಬಿಡಿಭಾಗಗಳ ಈ ಕ್ಷಣಿಕ ವರ್ತನೆಯನ್ನು ರಚನೆಯಲ್ಲಿ ಸಾಕಷ್ಟು ವಿಚಾರಿಸಿರಲಿಲ್ಲವೆಂದು ಅನಂತರದ ವಿಚಾರಣೆಯಲ್ಲಿ ತೀರ್ಮಾನವಾಯಿತು. ಉಪಗ್ರಹದ ದಿಕ್ಕನ್ನು ನೋಡಿಕೊಳ್ಳುವುದಕ್ಕಾಗಿ ಇದ್ದ ಸಣ್ಣ ನಕ್ಷತ್ರವೀಕ್ಷಕದಿಂದ ಮುಂದೆ ನಕ್ಷತ್ರಗಳ ಕಂಪನವನ್ನು ಅಭ್ಯಸಿಸಿದ್ದೊಂದೇ ಸಮಾಧಾನ.

ಮೊದಲ ಕ್ಷಣದಿಂದಲೇ ಕ್ಲಾಕ್ ಚೆನ್ನಾಗಿ ಮಿಡಿಯುವಂತೆ ಬರೆದ ಟೆಸ್ಟ್ ಬೆಂಚು ಇಂತಹ ದೋಷವನ್ನು ಎಂದಿಗೂ ತೋರಿಸಲಾರದೆಂಬುದು ಸ್ಪಷ್ಟ. ಕ್ಲಾಕನ್ನು ಬೇಕೆಂದೇ ತಡವಾಗಿ ಆರಂಭಿಸಿ, ಆ ತನಕ ಹೊರಸಂಕೇತಗಳು ಏನಾಗಿವೆಯೆಂದು ಕೇಳಿದರೆ ಮಾತ್ರ ಉತ್ತರ ದೊರೆಯಬಹುದು.

ವಿಳಂಬಗಳು ಎಲ್ಲಿಂದ ಬರುತ್ತವೆ? ಪ್ಲೇಸ್ ಅಂಡ್ ರೂಟ್ ಮಾಡಿದ ಉಪಕರಣವೇ ಎಸ್.ಡಿ.ಎಫ್. ಎಂಬ ಮಾದರಿಯ ಕಡತದಲ್ಲಿ ಅವುಗಳನ್ನು ಬರೆದುಕೊಡುತ್ತದೆ. ಈ ಮಾದರಿಯು ೨೦೦೧ರಲ್ಲಿ ಐ.ಇ.ಇ.ಇ. ೧೪೯೭ ಎಂಬ ಸಂಖ್ಯೆಯಿಂದ ಪ್ರಮಾಣೀಕೃತವಾಯಿತು. ಕಡತವು ಸಾಮಾನ್ಯ ಅಕ್ಷರಗಳಲ್ಲೇ ಇರುವುದರಿಂದ ಕಣ್ಣಿನಿಂದ ಓದಬಹುದು. ಒಮ್ಮೆಯಾದರೂ ತೆರೆದು ಓದತಕ್ಕದ್ದೆಂದು ನಮ್ಮ ಸಲಹೆ. ಪ್ರತಿಯೊಂದು ಕೋಶದ ಹೆಸರು, ಅದರ ಒಳಗಣ ವಿಳಂಬ, ತಂತಿಯ ವಿಳಂಬ, ಸೆಟಪ್ ಮತ್ತು ಹೋಲ್ಡ್ ಅವಧಿಗಳು ಎಲ್ಲವೂ ಅದರಲ್ಲಿರುತ್ತವೆ. ವಿಳಂಬವನ್ನು ಕನಿಷ್ಠ, ಸಾಧಾರಣ, ಗರಿಷ್ಠ ಎಂದು ಮೂರು ಅಂಕಿಗಳಾಗಿ ಬರೆಯಲು ಅವಕಾಶವುಂಟು. ಯಾವ ಅಂಕಿಯನ್ನು ಉಪಯೋಗಿಸಬೇಕೆಂದು ಸಿಮ್ಯುಲೇಟರಿಗೆ ನಾವು ಹೇಳಬೇಕು.

ಈ ಕೆಲಸವನ್ನೆಲ್ಲ ಪರದೆಯ ಮೇಲಣ ಚಿತ್ರಗಳನ್ನು ಮೌಸಿನಿಂದ ಒತ್ತಿ ಮಾಡಬಹುದು. ಹೊಸದಾಗಿ ಕಲಿಯುವವರಿಗೆ ಅದು ಅನುಕೂಲವೇ ಸರಿ. ಸಂಕೇತಗಳ ಅಲೆಗಳನ್ನು ಕಣ್ಣಾರೆ ನೋಡುವುದರಿಂದ ತಿಳಿವಳಿಕೆ ಹೆಚ್ಚುತ್ತದೆ. ಆದರೆ ಮೌಸಿನ ಒತ್ತುಗಳಿಗೆ ದಾಖಲೆಯಿಲ್ಲ. ನಿನ್ನೆ ಗರಿಷ್ಠ ವಿಳಂಬವನ್ನು ಆರಿಸಿದ್ದೆವೋ ಕನಿಷ್ಠವನ್ನೋ ಎಂದು ಇಂದು ಕೇಳಿದರೆ ಹೇಳುವವರಾರು? ತರ್ಕಪರೀಕ್ಷೆಯು ನಿಮಿಷಗಳಲ್ಲಿ ಮುಗಿದರೆ ಅದೇ ಟೆಸ್ಟ್ ಬೆಂಚಿನ ಕಾಲಪರೀಕ್ಷೆಗೆ ಗಂಟೆಗಳು ಹಿಡಿಯಬಹುದು. ರಾತ್ರಿಯೆಲ್ಲ ಮೌಸನ್ನು ಹಿಡಿದು ಕುಳಿತುಕೊಳ್ಳಲು ಯಾರಿಗೆ ಸಾಧ್ಯ? ಆದುದರಿಂದ ಆಜ್ಞೆಗಳನ್ನು ಒಂದು ಕಡತದಲ್ಲಿ ಕ್ರಮವಾಗಿ ಬರೆದು, ಕಮಾಂಡ್ ಲೈನಿನಿಂದ ಆ ಕಡತವನ್ನು ನಡೆಸುವುದು ಉತ್ತಮ. ಇದಕ್ಕೆ ಸ್ಕ್ರಿಪ್ಟ್ ಎಂದು ಹೆಸರು. ಅಡಿಗೆಯ ಕ್ರಮವನ್ನು ಬಾಯಲ್ಲಿ ಹೇಳುವುದಕ್ಕೂ, ಸೇರು ಪಾವಿನ ಅಳತೆಯೊಡನೆ ಬರೆದಿಡುವುದಕ್ಕೂ ಎಷ್ಟು ವ್ಯತ್ಯಾಸವೋ ಅಷ್ಟೇ ಇಲ್ಲಿಯೂ. ಬರೆದಿಟ್ಟದ್ದನ್ನು ಇನ್ನೊಬ್ಬಳು ಓದಿ ತಪ್ಪು ಹಿಡಿಯಬಲ್ಲಳು.

ಝೈಲಿಂಕ್ಸ್ ಚಿಪ್ಪುಗಳಿಗಾಗಿ ಇರುವ ವಿವಾಡೊ ಎಂಬ ಉಪಕರಣವನ್ನು ಉದಾಹರಣೆಯಾಗಿಟ್ಟುಕೊಳ್ಳೋಣ. ಅದರ ಆಜ್ಞೆಗಳು ಟಿಕ್ಲ್ ಎಂಬ ಭಾಷೆಯಲ್ಲಿರುತ್ತವೆ. ಸ್ಕ್ರಿಪ್ಟಿನ ಮೊದಲ ಭಾಗವು ದಾರಿಗಳನ್ನು ಹಾಕಿ ಮುಗಿದ ಮಂಡಲವನ್ನು ತೆರೆದು, ರೈಟ್ ವೆರಿಲಾಗ್ ಎಂಬ ಆಜ್ಞೆಯನ್ನು ಟೈಮ್‌ಸಿಮ್ ಎಂಬ ವಿಶೇಷಣದೊಡನೆ ಕೊಟ್ಟು ನೆಟ್‌ಲಿಸ್ಟನ್ನು ಬರೆಯಿಸುತ್ತದೆ, ರೈಟ್ ಎಸ್.ಡಿ.ಎಫ್. ಎಂಬ ಆಜ್ಞೆಯಿಂದ ವಿಳಂಬಗಳನ್ನು ಬರೆಯಿಸುತ್ತದೆ. ಮೂಲ ಬರಹವು ವಿ.ಎಚ್.ಡಿ.ಎಲ್. ನಲ್ಲಿದ್ದರೂ ಈ ಉಪಕರಣದ ಕಾಲಪರೀಕ್ಷೆಯ ನೆಟ್‌ಲಿಸ್ಟು ವೆರಿಲಾಗಿನಲ್ಲಿಯೇ ಇರುವುದೆಂಬುದನ್ನು ಮರೆಯಬಾರದು. ಎರಡನೆಯ ಭಾಗದಲ್ಲಿ ಎಕ್ಸ್‌ವಿಲಾಗ್ ಎಂಬ ಆಜ್ಞೆಯು ನೆಟ್‌ಲಿಸ್ಟನ್ನೂ ಟೆಸ್ಟ್ ಬೆಂಚನ್ನೂ ಗ್ಲೋಬಲ್ ಎಂಬ ಸಣ್ಣ ಸಹಾಯಕ ಕಡತವನ್ನೂ ಓದಿ ಸಿದ್ಧಪಡಿಸುತ್ತದೆ. ಎಕ್ಸ್‌ಇಲ್ಯಾಬ್ ಎಂಬ ಆಜ್ಞೆಯು ಇವೆಲ್ಲವನ್ನೂ ಕೋಶಗಳ ಗ್ರಂಥಾಲಯದೊಡನೆ ಕೂಡಿಸಿ ಒಂದಾಗಿ ಕಟ್ಟುತ್ತದೆ. ಗರಿಷ್ಠ ವಿಳಂಬವೋ ಕನಿಷ್ಠ ವಿಳಂಬವೋ ಎಂದು ಹೇಳಬೇಕಾದುದು ಇಲ್ಲಿ. ಕೊನೆಗೆ ಎಕ್ಸ್‌ಸಿಮ್ ಎಂಬ ಆಜ್ಞೆಯು ಪರೀಕ್ಷೆಯನ್ನು ಕಡೆಯವರೆಗೂ ನಡೆಸಿ, ನಡೆದುದನ್ನೆಲ್ಲ ಲಾಗ್ ಎಂಬ ದಾಖಲೆಯ ಕಡತದಲ್ಲಿ ಬರೆದಿಡುತ್ತದೆ. ಮಾಡೆಲ್‌ಸಿಮ್ ಮೊದಲಾದ ಬೇರೆ ಸಿಮ್ಯುಲೇಟರುಗಳಲ್ಲಿ ಆಜ್ಞೆಗಳ ಹೆಸರು ಬೇರೆಯಾದರೂ ಹೆಜ್ಜೆಗಳು ಇವೇ.

ಸೆಟಪ್ ದೋಷವು ನಿಧಾನದಿಂದ, ಹೋಲ್ಡ್ ದೋಷವು ಅವಸರದಿಂದ ಎಂದು ಮೇಲೆ ಹೇಳಿದೆವಲ್ಲವೆ? ಆದಕಾರಣ ಪರೀಕ್ಷೆಯನ್ನು ಕಡಮೆಯೆಂದರೆ ಎರಡು ಸಲ ನಡೆಸಬೇಕು: ಸ್ಲೋ ಕಾರ್ನರಿನ ಎಸ್.ಡಿ.ಎಫ್. ಕಡತದ ಗರಿಷ್ಠ ವಿಳಂಬಗಳೊಡನೆ ಒಮ್ಮೆ, ಫಾಸ್ಟ್ ಕಾರ್ನರಿನ ಕಡತದ ಕನಿಷ್ಠ ವಿಳಂಬಗಳೊಡನೆ ಮತ್ತೊಮ್ಮೆ. ಯಾವ ಕಾರ್ನರೆಂದು ಹೇಳದಿದ್ದರೆ ವಿವಾಡೊ ಸ್ಲೋ ಕಾರ್ನರಿನದನ್ನೇ ಬರೆದುಕೊಡುತ್ತದೆ. ಅದನ್ನರಿಯದೆ ಒಂದೇ ಕಡತದಿಂದ ಎರಡು ಪರೀಕ್ಷೆಗಳನ್ನೂ ನಡೆಸಿ ತೃಪ್ತಿಪಟ್ಟರೆ ಹೋಲ್ಡ್ ದೋಷದ ನಿಜವಾದ ಪರೀಕ್ಷೆಯು ನಡೆದೇ ಇರುವುದಿಲ್ಲ.

ಇಂತಹ ಮೌನವಾದ ತಪ್ಪುಗಳೇ ಈ ಕೆಲಸದ ಮುಖ್ಯ ಅಪಾಯ. ಸ್ಕ್ರಿಪ್ಟಿನಲ್ಲಿ ಅಕ್ಷರದೋಷವಿದ್ದರೆ ಅದು ಕೂಡಲೆ ನಿಂತು ಗೋಳಿಡುವುದು, ಅದಕ್ಕೆ ಹೆದರಬೇಕಾದುದಿಲ್ಲ. ವಿಳಂಬಗಳು ಅಂಟಿಕೊಳ್ಳದೆಯೇ ಪರೀಕ್ಷೆಯು ಸುಗಮವಾಗಿ ನಡೆದು, ಎಲ್ಲವೂ ಸರಿಯೆಂದು ವರದಿ ಬಂದರೆ ಆಗ ಹೆದರತಕ್ಕದ್ದು. ಐಕರಸ್ ವೆರಿಲಾಗ್ ಎಂಬ ಉಚಿತವಾದ ಸಿಮ್ಯುಲೇಟರು ಬಹಳ ಉಪಯುಕ್ತವಾದುದೇ. ಆದರೆ ಕೋಶಗಳೊಳಗಣ ವಿಳಂಬಗಳನ್ನು ವರ್ಣಿಸುವ ಸ್ಪೆಸಿಫೈ ಎಂಬ ಭಾಗಗಳನ್ನು, ನಾವು ಬೇಕೆಂದು ಕೇಳಿದ ಹೊರತು, ಅದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಎಸ್.ಡಿ.ಎಫ್. ಕಡತವು ಇರಬೇಕಾದ ಸ್ಥಳದಲ್ಲಿಲ್ಲದಿದ್ದರೆ ಕೆಲವು ಸಿಮ್ಯುಲೇಟರುಗಳು ಒಂದೇ ಸಾಲಿನಲ್ಲಿ ಅದನ್ನು ತಿಳಿಸಿ ಮುಂದುವರಿಯುತ್ತವೆ; ಸಾವಿರ ಸಾಲುಗಳ ದಾಖಲೆಯಲ್ಲಿ ಆ ಒಂದು ಸಾಲನ್ನು ನೋಡುವವರಾರು? ಮಾಡೆಲ್‌ಸಿಮ್‌ನಲ್ಲಿ ಕಾಲದೋಷದ ದೂರುಗಳನ್ನೇ ನಿಲ್ಲಿಸಿಬಿಡುವ ವಿಶೇಷಣವೊಂದಿದೆ. ಯಾವಾಗಲೋ 'ಈ ಹೊತ್ತಿಗೆ ಮಾತ್ರ' ಎಂದು ಸೇರಿಸಿದ ಅಂತಹ ಪದವು ಸ್ಕ್ರಿಪ್ಟಿನಲ್ಲಿ ಹಾಗೆಯೇ ಉಳಿದುಬಿಡುವುದುಂಟು.

ಕಾಲದ ಅಳತೆಯಲ್ಲಿಯೂ ಇದೇ ಬಗೆಯ ಮೋಸವಿದೆ. ನೆಟ್‌ಲಿಸ್ಟಿನ ವಿಳಂಬಗಳು ಪಿಕೊಸೆಕೆಂಡುಗಳಲ್ಲಿ, ಎಂದರೆ ನ್ಯಾನೊಸೆಕೆಂಡಿನ ಸಾವಿರದಲ್ಲೊಂದು ಭಾಗಗಳಲ್ಲಿ ಇರುತ್ತವೆ. ಪರೀಕ್ಷೆಯು ಬೇಗ ಮುಗಿಯಲೆಂದು ಸಿಮ್ಯುಲೇಟರಿಗೆ ನ್ಯಾನೊಸೆಕೆಂಡಿನ ದಪ್ಪ ಅಳತೆಯನ್ನು ಕೊಟ್ಟರೆ, ೧೨೪ ಪಿಕೊಸೆಕೆಂಡಿನ ವಿಳಂಬವು ಸೊನ್ನೆಯಾಗಿಬಿಡುತ್ತದೆ. ಕೊಳಗದಲ್ಲಿ ಕೇಸರಿಯನ್ನು ಅಳೆದಂತಾಯಿತು.

ಇನ್ನೊಂದು ಸೂಕ್ಷ್ಮವುಂಟು. ವಿಳಂಬಕ್ಕಿಂತಲೂ ಕಿರಿದಾದ ಮಿಡಿತವನ್ನು ವೆರಿಲಾಗ್ ಸಾಮಾನ್ಯವಾಗಿ ನುಂಗಿಬಿಡುತ್ತದೆ. ದೊಡ್ಡ ಗಂಟೆಯ ಹಗ್ಗವನ್ನು ಮೆಲ್ಲಗೆ ಅಲುಗಿಸಿದರೆ ಶಬ್ದವಾಗುವುದಿಲ್ಲವಷ್ಟೆ. ಆದರೆ ಉದ್ದವಾದ ತಂತಿಯ ನಡತೆಯು ಹಾಗಲ್ಲ. ಕಾಲುವೆಯಲ್ಲಿ ಒಂದರ ಹಿಂದೊಂದು ಬಿಟ್ಟ ಎಲೆಗಳೆಲ್ಲವೂ ತಡವಾಗಿಯಾದರೂ ಆಚೆಯ ಕಡೆಗೆ ತಲಪುವಂತೆ, ತಂತಿಯಲ್ಲಿ ಹೋದ ಮಿಡಿತಗಳೆಲ್ಲವೂ ತಲಪುತ್ತವೆ. ತಂತಿಗಳಿಗೆ ಈ ಎರಡನೆಯ ಕ್ರಮವನ್ನು ಅನುಸರಿಸಬೇಕೆಂದು ಎಕ್ಸ್‌ಇಲ್ಯಾಬ್ ಆಜ್ಞೆಯಲ್ಲಿ ಬೇರೆಯಾಗಿ ಹೇಳಬೇಕು. ಹೇಳದಿದ್ದರೆ ವೇಗವಾದ ಸಂಕೇತಗಳು ದಾರಿಯಲ್ಲೇ ಮಾಯವಾಗಬಹುದು. ಹಾಗೆಯೇ, ಝೈಲಿಂಕ್ಸ್ ಮಾದರಿಗಳಲ್ಲಿ ಪರೀಕ್ಷೆಯ ಮೊದಲ ೧೦೦ ನ್ಯಾನೊಸೆಕೆಂಡುಗಳವರೆಗೆ ಗ್ಲೋಬಲ್ ಕಡತವು ಎಲ್ಲ ಫ್ಲಿಪ್-ಫ್ಲಾಪುಗಳನ್ನೂ ಆರಂಭಸ್ಥಿತಿಯಲ್ಲಿ ಅದುಮಿ ಹಿಡಿದಿರುತ್ತದೆ; ಆ ಅವಧಿಯಲ್ಲಿ ಕೇಳಿದ ಪ್ರಶ್ನೆಗಳಿಗೆ ಉತ್ತರ ಬಾರದೆಂದು ಮಂಡಲವನ್ನು ಹಳಿಯುವುದು ಅನ್ಯಾಯ.

ಹಾಗಾದರೆ ಸ್ಕ್ರಿಪ್ಟು ತೀರ್ಪನ್ನು ಹೇಗೆ ಹೇಳಬೇಕು? ಸಿಮ್ಯುಲೇಟರು ಮುಗಿದಾಗ ಗಣಕಯಂತ್ರಕ್ಕೆ ಒಂದು ಸಂಖ್ಯೆಯನ್ನು ಒಪ್ಪಿಸುತ್ತದೆ. ಸೊನ್ನೆಯಾದರೆ ಕೆಲಸವು ಸುಸೂತ್ರವಾಗಿ ಮುಗಿಯಿತೆಂದು ಅರ್ಥ. ಆದರೆ ಇಲ್ಲಿ ಮುಗಿದದ್ದು ಸಿಮ್ಯುಲೇಟರಿನ ಕೆಲಸ. ಮಂಡಲವು ತೇರ್ಗಡೆಯಾಯಿತೆಂದು ಅದರಿಂದ ತಿಳಿಯಲಾಗದು. ಟೆಸ್ಟ್ ಬೆಂಚು "ತಪ್ಪು" ಎಂದು ನೂರು ಸಲ ಬರೆದಿದ್ದರೂ ಆ ಸಂಖ್ಯೆಯು ಸೊನ್ನೆಯಾಗಿಯೇ ಇರಬಹುದು. ಆದುದರಿಂದ ಸ್ಕ್ರಿಪ್ಟು ಹಳೆಯ ದಾಖಲೆಯನ್ನು ಮೊದಲು ಅಳಿಸಿ, ಹೊಸ ದಾಖಲೆಯಲ್ಲಿ ಟೆಸ್ಟ್ ಬೆಂಚು ಕಡೆಯಲ್ಲಿ ಬರೆಯತಕ್ಕ "ಸರಿ" ಎಂಬ ಸಾಲು ಇದೆಯೇ ಎಂದು ಹುಡುಕಬೇಕು. ತಪ್ಪಿನ ಸಾಲು ಇಲ್ಲವೆಂಬುದರಿಂದ ತೃಪ್ತಿಪಡಬಾರದು; ಅರ್ಧದಲ್ಲಿ ನಿಂತುಹೋದ ಪರೀಕ್ಷೆಯಲ್ಲಿಯೂ ತಪ್ಪಿನ ಸಾಲು ಇರುವುದಿಲ್ಲ. ಸೆಟಪ್, ಹೋಲ್ಡ್ ಉಲ್ಲಂಘನೆಯ ದೂರುಗಳನ್ನು ಎಣಿಸಬೇಕು. ವಿಳಂಬಗಳು ನಿಜವಾಗಿ ಅಂಟಿಕೊಂಡಿವೆಯೆಂಬುದಕ್ಕೆ ಸಾಕ್ಷಿಯನ್ನೂ ಕೇಳಬೇಕು. ಅದಕ್ಕೆ ಸುಲಭವಾದ ಉಪಾಯವಿದೆ: ಕ್ಲಾಕಿನ ಮಿಡಿತವಾದ ಎಷ್ಟು ಹೊತ್ತಿಗೆ ಒಂದು ಹೊರಸಂಕೇತವು ಬದಲಾಗುತ್ತದೆ ಎಂಬುದನ್ನು ಟೆಸ್ಟ್ ಬೆಂಚಿನಿಂದಲೇ ಅಳೆಯಿಸಿ, ಸ್ಟ್ಯಾಟಿಕ್ ಟೈಮಿಂಗ್ ವರದಿಯಲ್ಲಿರುವ ಅಂಕಿಯೊಡನೆ ಹೋಲಿಸುವುದು. ಎರಡೂ ಹೆಚ್ಚುಕಡಮೆ ಒಂದಾಗಿರಬೇಕು. ಅಳತೆಯು ಸೊನ್ನೆಗೆ ಸಮೀಪವಾಗಿದ್ದರೆ ಎಸ್.ಡಿ.ಎಫ್. ಕಡತವು ಎಲ್ಲಿಯೋ ತಪ್ಪಿಸಿಕೊಂಡಿದೆ.

ಇಷ್ಟಾದರೂ ಒಂದು ಕೆಲಸ ಉಳಿದಿದೆ. ನಮ್ಮ ಅಭಿಪ್ರಾಯದಲ್ಲಿ ಇದೇ ಮುಖ್ಯವಾದುದು. ಸ್ಕ್ರಿಪ್ಟನ್ನು ನಂಬುವುದಕ್ಕೆ ಮುಂಚೆ ಅದು ತಪ್ಪನ್ನು ತಪ್ಪೆಂದು ಹೇಳಬಲ್ಲುದೇ ಎಂದು ಪರೀಕ್ಷಿಸಬೇಕು. ೧೦ ನ್ಯಾನೊಸೆಕೆಂಡಿಗಾಗಿ ರಚಿಸಿದ ಮಂಡಲಕ್ಕೆ ಬೇಕೆಂದೇ ೨ ನ್ಯಾನೊಸೆಕೆಂಡಿನ ಕ್ಲಾಕನ್ನು ಕೊಟ್ಟು ಸ್ಲೋ ಕಾರ್ನರಿನ ಪರೀಕ್ಷೆಯನ್ನು ನಡೆಸಿರಿ. ಯಾವುದಾದರೂ ದಾರಿಯು ಅದಕ್ಕಿಂತ ಉದ್ದವಾಗಿದ್ದು, ಟೆಸ್ಟ್ ಬೆಂಚು ಆ ದಾರಿಯಲ್ಲಿ ಸಂಕೇತವನ್ನು ಕಳುಹಿಸುತ್ತಿದ್ದರೆ, ಸೆಟಪ್ ದೂರುಗಳು ಮಳೆಯಂತೆ ಸುರಿಯಬೇಕು. ಸ್ಕ್ರಿಪ್ಟು ಕೆಂಪು ನಿಶಾನೆಯನ್ನು ಎತ್ತಬೇಕು. ಫಾಸ್ಟ್ ಕಾರ್ನರಿನಲ್ಲಿ ಒಂದು ಒಳಸಂಕೇತವು ಬದಲಾಗುವ ಹೊತ್ತನ್ನು ಕ್ಲಾಕಿನ ಅಂಚಿನ ಆಸುಪಾಸಿನಲ್ಲಿ ಸ್ವಲ್ಪಸ್ವಲ್ಪವಾಗಿ ಸರಿಸುತ್ತ ಹೋದರೆ, ಎಲ್ಲಿಯೋ ಒಂದು ಕಡೆ ದೂರು ಬರಲೇಬೇಕು. ಈ ಎರಡು ಸುಳ್ಳು ಪರೀಕ್ಷೆಗಳಲ್ಲಿಯೂ ಸ್ಕ್ರಿಪ್ಟು ಸಂತೋಷದಿಂದ "ಸರಿ" ಎಂದರೆ, ಅದು ನಿಜವಾದ ಪರೀಕ್ಷೆಯಲ್ಲಿ ಹೇಳಿದ "ಸರಿ"ಗೂ ಬೆಲೆಯಿಲ್ಲ. ಇವೆರಡನ್ನೂ ಸ್ಕ್ರಿಪ್ಟಿನೊಳಗೇ ಬರೆದಿಟ್ಟು, ನಿಜವಾದ ಪರೀಕ್ಷೆಗೆ ಮುಂಚೆ ಪ್ರತಿಸಲವೂ ತಾನಾಗಿಯೇ ನಡೆಯುವಂತೆ ಮಾಡುವುದು ಕಷ್ಟವೇನೂ ಅಲ್ಲ.

ದೂರು ಬಂದಾಗ ಗಾಬರಿಪಡಬೇಕಾದುದಿಲ್ಲ. ಕಾಲದೋಷವಾದ ಫ್ಲಿಪ್-ಫ್ಲಾಪು ತನ್ನ ಹೊರಸಂಕೇತವನ್ನು ಎಕ್ಸ್ ಎಂಬ ಅಜ್ಞಾತ ಬೆಲೆಗೆ ತಿರುಗಿಸುತ್ತದೆ. ಅದು ಮುಂದಿನ ಕೋಶಗಳಿಗೂ ಹರಡಿ, ಸ್ವಲ್ಪ ಹೊತ್ತಿನಲ್ಲೇ ಪರದೆಯ ತುಂಬ ಎಕ್ಸ್ ಕಾಣಿಸುವುದು. ನೋಡಬೇಕಾದುದು ದಾಖಲೆಯ ಮೊದಲ ದೂರನ್ನು. ಉಳಿದವು ಬಹುಮಟ್ಟಿಗೆ ಅದರ ಸಂತಾನ. ಬೇರೆ ಕ್ಲಾಕಿನ ಪ್ರದೇಶದಿಂದ ಬರುವ ಸಂಕೇತವನ್ನು ಸ್ವಾಗತಿಸುವ ಮೊದಲ ಫ್ಲಿಪ್-ಫ್ಲಾಪಿನಲ್ಲಿ ಮಾತ್ರ ಇಂತಹ ದೋಷವು ಸಹಜ. ಅದಕ್ಕಾಗಿಯೇ ಅಲ್ಲಿ ಎರಡು ಫ್ಲಿಪ್-ಫ್ಲಾಪುಗಳನ್ನು ಸಾಲಾಗಿ ಇಡುವರು. ವಿವಾಡೊದಲ್ಲಿ ಎಸಿಂಕ್ ರೆಜ್ ಎಂಬ ಗುರುತನ್ನು ಹಾಕಿದರೆ ಆ ಕೋಶವು ಎಕ್ಸ್ ಅನ್ನು ಹರಡುವುದಿಲ್ಲ. ಆ ಗುರುತನ್ನು ಕಂಡಕಂಡಲ್ಲಿ ಹಾಕಿ ದೂರುಗಳನ್ನು ಅಡಗಿಸುವುದು, ಅಳುವ ಮಗುವಿನ ಬಾಯಿಗೆ ಬಟ್ಟೆ ತುರುಕಿದಂತೆ.

ಪರೀಕ್ಷೆ ಮುಗಿದ ಮೇಲೆ ಸ್ಕ್ರಿಪ್ಟು, ಎರಡು ಕಾರ್ನರಿನ ದಾಖಲೆಗಳು, ಉಪಕರಣಗಳ ಆವೃತ್ತಿಯ ಸಂಖ್ಯೆ, ದಿನಾಂಕ ಇಷ್ಟನ್ನೂ ನೆಟ್‌ಲಿಸ್ಟಿನೊಡನೆ ಒಂದೇ ಕಡೆ ಇಡತಕ್ಕದ್ದು. ಮೂಲ ಬರಹದಲ್ಲಿ ಒಂದು ಸಾಲು ಬದಲಾದರೂ ಪ್ಲೇಸ್ ಅಂಡ್ ರೂಟ್ ಮತ್ತೊಮ್ಮೆ ನಡೆಯುವುದು. ಆಗ ಮುಟ್ಟದೆ ಬಿಟ್ಟ ಭಾಗದ ತಂತಿಗಳೂ ಬೇರೆ ದಾರಿ ಹಿಡಿಯಬಹುದಾದುದರಿಂದ, ಹಳೆಯ ಎಸ್.ಡಿ.ಎಫ್. ಕಡತಗಳನ್ನು ಅಳಿಸಿ, ಎರಡು ಪರೀಕ್ಷೆಗಳನ್ನೂ ಮೊದಲಿನಿಂದ ನಡೆಸಬೇಕು.